ಸಾಸಿವೆ ಹಳದಿ ಜಾಕೆಟ್ಟಿನ ಜಲಪರೀಕ್ಷೆ

ಗಂಡ ಹೆಂಡತಿ ಅಂದಮೇಲೆ ಒಂದೇ ಹಾಸಿಗೆಯ ಮೇಲೆ ಮಲಗುವುದು ಲೋಕರೂಢಿ. ರಾಮಮೂರ್ತಿ ಮತ್ತು ಉಷಾರಾಣಿ ಕೂಡ ಒಂದೇ ಹಾಸಿಗೆಯ ಮೇಲೆ ಮಲಗುತ್ತಿದ್ದರು. ಆದರೆ ಅವನು ರಾತ್ರಿ ಮಲಗುತ್ತಿದ್ದ, ಅವಳು ಹಗಲು ಮಲಗುತ್ತಿದ್ದಳು. ಹೊಸೂರಿನ ಆ ಬಾಡಿಗೆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ದುಡಿಯುತ್ತಿದ್ದುದು ಆ ಹಾಸಿಗೆಯೇ. ಅದಕ್ಕೆ ಎರಡೂ ಪಾಳಿ, ವಾರದ ರಜೆಯೂ ಇಲ್ಲ.

ರಾಮಮೂರ್ತಿಗೆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಹಗಲು ಕೆಲಸ. ಉಷಾರಾಣಿಗೆ ಫೋನಿನ ಬಿಡಿಭಾಗ ಜೋಡಿಸುವ ಕಾರ್ಖಾನೆಯಲ್ಲಿ ರಾತ್ರಿ ಕೆಲಸ. ಭಾನುವಾರ ಅವನಿಗೆ ರಜೆ. ಅವತ್ತು ಅವಳು ಹಗಲೆಲ್ಲ ಮುಸುಕು ಹೊದ್ದು ಮಲಗಿರುತ್ತಾಳೆ. ಅವನು ಬೆಕ್ಕಿನಂತೆ ಹೆಜ್ಜೆ ಇಡುತ್ತಾ, ಕುಕ್ಕರು ಕೂಗುವ ಮೊದಲೇ ಒಲೆ ಆರಿಸುತ್ತಾ ಓಡಾಡುತ್ತಾನೆ. (ಹೀಗಾಗಿ ಆ ಮನೆಯಲ್ಲಿ ಭಾನುವಾರದ ಬೇಳೆ ಒಂದು ಸಲವೂ ಪೂರ್ತಿ ಬೆಂದದ್ದಿಲ್ಲ.) ಬುಧವಾರ ಅವಳಿಗೆ ರಜೆ. ಅವತ್ತು ರಾತ್ರಿ ಅವಳಿಗೆ ನಿದ್ದೆ ಹತ್ತದು. ಹೊರಗಿನ ಕೋಣೆಯಲ್ಲಿ ಕೂತು, ಒಳಗೆ ಮಲಗಿದ ಗಂಡನಿಗೆ ಎಚ್ಚರವಾದೀತೆಂದು ಟಿವಿಯ ದನಿ ಪೂರ್ತಿ ತಗ್ಗಿಸಿ, ಬಾಯಾಡಿಸುವ ಬೊಂಬೆಗಳನ್ನು ನೋಡುತ್ತಿರುತ್ತಾಳೆ.

ಒಂದು ಸಲ ಅವಳೇ ಹೇಳಿದ್ದಳು, ಬೆಳಗ್ಗೆ ಬಂದು ಮಲಗಿದಾಗ ಹಾಸಿಗೆಯಲ್ಲಿ ಅವನ ಮೈಬಿಸಿ ಇನ್ನೂ ಸ್ವಲ್ಪ ಇರುತ್ತದಂತೆ. ರಾಮಮೂರ್ತಿಗೆ ಆ ಭಾಗ್ಯವಿಲ್ಲ. ಅವನು ಮಲಗುವ ಹೊತ್ತಿಗೆ ಅವಳದು ಆರಿಹೋಗಿರುತ್ತದೆ.

ಇನ್ನು ಅವರ ಸಂಸಾರ ನಡೆಯುತ್ತಿದ್ದುದು ಎಲ್ಲಿ ಎಂದರೆ, ಬಸ್ ಸ್ಟಾಪಿನಲ್ಲಿ. ಸಂಜೆ ಅವನ ಕಾರ್ಖಾನೆಯ ಬಸ್ಸು ಅವನನ್ನು ಇಳಿಸಿ ಹೋಗುವ ಜಾಗಕ್ಕೇ ಅವಳ ಕಾರ್ಖಾನೆಯ ಬಸ್ಸು ಅವಳನ್ನು ಹತ್ತಿಸಿಕೊಳ್ಳಲು ಬರುತ್ತದೆ. ಅವಳ ಬಸ್ಸಿನ ಡ್ರೈವರು ಒಂದು ಟೀ ಕುಡಿದು ಮುಗಿಸುವಷ್ಟು ಹೊತ್ತು ಅವರ ದಾಂಪತ್ಯ. ಟೀ ಬಿಸಿಯಾಗಿದ್ದ ದಿನ ಎರಡು ಮಾತು ಹೆಚ್ಚು.

“ಹುಳೀನ ಬಿಸಿ ಮಾಡ್ಕೊಂಡು ತಿನ್ರೀ. ನಿನ್ನೆ ತಣ್ಣಗೇ ತಿಂದಿದೀರಿ.”

“ನಿಂಗ್ಹೆಂಗ್ ಗೊತ್ತು?”

“ಪಾತ್ರೆ ಅಂಚಲ್ಲಿ ಒಗ್ಗರಣೆ ಎಣ್ಣೆ ಹಂಗೇ ಕೂತಿತ್ತು. ಪರೀಕ್ಷೆ ಮಾಡೋದು ನಿಮಗೊಬ್ರಿಗೇ ಬರೋದಾ?”

ಅವಳು ಹಾಗೆ ಚುಚ್ಚಲು ಕಾರಣವಿತ್ತು. ರಾಮಮೂರ್ತಿಯ ಉದ್ಯೋಗವೇ ಪರೀಕ್ಷೆ. ಪಂಪಿನ ತೂತುಗಳಿಗೆಲ್ಲ ಬಿರಡೆ ಜಡಿದು, ಒಳಗೆ ಗಾಳಿ ತುಂಬಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳುತ್ತದೆಯೇ ಎಂದು ಕಣ್ಣು ಮಿಟುಕಿಸದೆ ನೋಡುವುದು. ಗುಳ್ಳೆ ಏಳದಿದ್ದರೆ ಹಸಿರು ಚೀಟಿ ಅಂಟಿಸುವುದು. ಒಂದೇ ಒಂದು ಗುಳ್ಳೆ ಎದ್ದರೂ ಕೆಂಪು ಚೀಟಿ ಅಂಟಿಸಿ ಮೂಲೆಗೆ ಸರಿಸುವುದು. ಅವನು ಹಸಿರು ಚೀಟಿ ಅಂಟಿಸಿದ ಪಂಪು ಸೋರಿತೆಂದು ಯಾರೂ ಹೇಳಿದ್ದಿಲ್ಲ. ಆ ಬುದ್ಧಿಯನ್ನು ಅವನು ಕಾರ್ಖಾನೆಯ ಗೇಟಿನಲ್ಲಿ ಬಿಟ್ಟು ಮನೆಗೆ ಬರುತ್ತಿರಲಿಲ್ಲ. ಹಾಲಿನ ಪೊಟ್ಟಣವನ್ನು ಹಿಂಡಿ ನೋಡಿಯೇ ಕೊಳ್ಳುವನು. ಅಷ್ಟೇಕೆ, ಮದುವೆ ಮಂಟಪದಲ್ಲಿ ಧಾರೆ ಎರೆಯುವ ಪುಣ್ಯಕಾಲದಲ್ಲಿ ಮಾವನ ಕೈಯಲ್ಲಿದ್ದ ಗಿಂಡಿಯನ್ನು ದಿಟ್ಟಿಸಿ, “ಇದು ತಳದಲ್ಲಿ ಸೋರ್ತಾ ಇದೆ” ಎಂದು ಪುರೋಹಿತರಿಗೆ ಹೇಳಿದವನು. ಮಾವ ಇವತ್ತಿಗೂ ಅದನ್ನು ಮರೆತಿಲ್ಲ.

ಹೀಗಿರುವಾಗ ಒಂದು ಸಂಜೆ ಉಷಾರಾಣಿ ಬಸ್ ಸ್ಟಾಪಿನಲ್ಲಿ ಎಂದಿಗಿಂತ ಮೊದಲೇ ಬಂದು ನಿಂತಿದ್ದಳು.

“ಮುಂದಿನ ತಿಂಗಳು ಎರಡನೇ ಭಾನುವಾರ ನಮ್ ಲೈನು ಬಂದ್ ಮಾಡ್ತಾರಂತೆ. ಮಿಷಿನ್ ರಿಪೇರಿ. ಶನಿವಾರ ರಾತ್ರೀನೂ ಕೆಲ್ಸ ಇಲ್ಲ, ಭಾನುವಾರಾನೂ ಇಲ್ಲ.”

ರಾಮಮೂರ್ತಿಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಇಬ್ಬರಿಗೂ ಒಂದೇ ದಿನ ರಜೆ, ಇಬ್ಬರೂ ಎಚ್ಚರ.

“ರಾಯಕೋಟೆ ಬೆಟ್ಟಕ್ಕೆ ಹೋಗಣ ರೀ. ಬಸ್ಸಲ್ಲಿ ಹೋಗೋವಾಗೆಲ್ಲ ನೋಡಿ ನೋಡಿ ಸಾಕಾಗೈತೆ. ಚಿತ್ರಾನ್ನ ಕಟ್ಕೊಳಣ. ಮೇಲೆ ಕೂತ್ಕೊಂಡು ಮಾತಾಡಣ.”

“ಮಳೆ ಬಂದ್ರೆ?”

“ಬಂದ್ರೆ ನೆನೆಯಣ.”

ಡ್ರೈವರು ಟೀ ಲೋಟ ಕೆಳಗಿಟ್ಟ. ಅವಳು ನಗುತ್ತಾ ಬಸ್ಸು ಹತ್ತಿದಳು. ರಾಮಮೂರ್ತಿ ಮನೆಗೆ ಬಂದು, ಹುಳಿ ಬಿಸಿ ಮಾಡುವುದನ್ನು ಮರೆತು, ಆ ಮಾತನ್ನೇ ಯೋಚಿಸಿದ. ನೆನೆಯುವುದಂತೆ. ರಾತ್ರಿಯೆಲ್ಲ ನಿದ್ದೆಗೆಡುವ ಹೆಂಗಸು, ವರ್ಷಕ್ಕೊಂದು ಸಲ ಜೊತೆಯಾಗಿ ಹೊರಟು, ನೆಂದು, ನೆಗಡಿ ಹಿಡಿದು ಮಲಗಿದರೆ ಆ ಭಾನುವಾರಕ್ಕೆ ಬಿದ್ದಂತಾಯಿತು ಕೆಂಪು ಚೀಟಿ. ಅವಳ ಮೇಲೆ ಒಂದು ಹನಿಯೂ ಬೀಳಬಾರದು ಎಂದು ಅವನು ಪಣ ತೊಟ್ಟ.

ಪಣ ತೊಟ್ಟವರನ್ನು ಫೋನು ಕೈಬಿಡುವುದಿಲ್ಲ. ಅದೇ ವಾರ ಅದರಲ್ಲೊಂದು ಜಾಹೀರಾತು ಪ್ರತ್ಯಕ್ಷವಾಯಿತು: ಪೇಟೆಯಲ್ಲಿ ಓಡಾಡಲೂ ಸೈ, ಬೆಟ್ಟ ಹತ್ತಲೂ ಸೈ, ನೋಡಲೂ ಚೆಂದ, ನೀರಂತೂ ಸೋಕದು ಎನ್ನುವ ಹೆಂಗಸರ ಜಾಕೆಟ್. ಸಾಸಿವೆ ಹೂವಿನ ಹಳದಿ, ಟೊಪ್ಪಿ ಅದಕ್ಕೇ ಹೊಲಿದದ್ದು. ಉಷಾರಾಣಿ ಹೆಚ್ಚುಕಡಿಮೆ ಅವನಷ್ಟೇ ಎತ್ತರ. ತರಿಸಿದ. ಅಟ್ಟದ ಮೇಲೆ ರಾಗಿ ಹಿಟ್ಟಿನ ಡಬ್ಬದ ಹಿಂದೆ ಬಚ್ಚಿಟ್ಟ. ಆ ಭಾನುವಾರ ಬೆಳಗ್ಗೆ ಎದುರಿಗೆ ಹಿಡಿದು ಬೆರಗುಗೊಳಿಸುವುದು ಅವನ ಯೋಜನೆ.

ಆದರೆ ಮಾರುವವನು ಸೋಕದು ಎಂದ ಮಾತ್ರಕ್ಕೆ ನಂಬುವುದು ಹೇಗೆ? ಪರೀಕ್ಷೆಯಾಗದ ವಸ್ತುವನ್ನು ಹೆಂಡತಿಯ ಮೈಗೆ ಹಾಕುವುದೇ?

ಮೊದಲನೆಯ ಪರೀಕ್ಷೆ ತಾರಸಿಯ ಮೇಲೆ ನಡೆಯಿತು. ಅದು ಭಾನುವಾರ, ಉಷಾರಾಣಿ ಕೆಳಗೆ ಮಲಗಿದ್ದಳು. ರಾಮಮೂರ್ತಿ ಜಾಕೆಟ್ಟಿನ ಜಿಪ್ಪು ಎಳೆದು, ತೋಳುಗಳ ಬಾಯಿಗೆ ಹಗ್ಗ ಬಿಗಿದು, ಕೆಳಗಿನ ಅಂಚನ್ನೂ ಸುತ್ತಿ ಕಟ್ಟಿ, ಬಟ್ಟೆ ಒಣಗಿಸುವ ತಂತಿಗೆ ನೇತುಹಾಕಿದ. ಕುತ್ತಿಗೆಯಿಂದ ಕೊಡಗಟ್ಟಲೆ ನೀರು ಸುರಿದ. ಜಾಕೆಟ್ಟು ಉಬ್ಬಿತು. ಹೊಟ್ಟೆ ಬಂತು. ತಲೆಯಿಲ್ಲದ ಒಬ್ಬ ಸಾಹುಕಾರನಂತೆ ತಂತಿಯ ಮೇಲೆ ತೂಗಾಡಿತು. ರಾಮಮೂರ್ತಿ ಅದರ ಕೆಳಗೆ ಕುಕ್ಕರಗಾಲಲ್ಲಿ ಕೂತು ಹನಿಗಾಗಿ ಕಾದ.

ಮನೆಯ ಒಡತಿ ರಾಮಲಕ್ಷ್ಮಮ್ಮ ತನ್ನ ಅಕ್ಕಿ ಸಂಡಿಗೆ ಒಣಗಿತೇ ಎಂದು ನೋಡಲು ಮೆಟ್ಟಿಲು ಹತ್ತಿ ಬಂದವಳು, ಕಡೆಯ ಮೆಟ್ಟಿಲಲ್ಲೇ ನಿಂತಳು.

“ರಾಮಮೂರ್ತೀ. ಯಾರ್ಲಾ ಅದು ತಂತಿ ಮ್ಯಾಲೆ?”

“ಮೆಲ್ಲಗ್ ಮಾತಾಡಮ್ಮ, ಉಷಾ ಮಲಗವ್ಳೆ. ಯಾರೂ ಅಲ್ಲ, ಜಾಕೆಟ್ಟು.”

“ಒಳಗ್ಯಾರವ್ರೆ?” ಅವಳೂ ದನಿ ತಗ್ಗಿಸಿದಳು.

“ನೀರು.”

“ನೀರ್ನ ಯಾಕ್ಲಾ ನೇತಾಕಿದೀಯ?”

“ಸೋರ್ತದಾ ಅಂತ ನೋಡ್ತಾ ಇದೀನಿ.”

“ಸೋರೋದ್ ನೋಡೋ ಆಸೆ ಇದ್ರೆ ತಾರಸಿ ನೋಡು. ನೀವು ಮಲಗೋ ಕ್ವಾಣೆ ಮ್ಯಾಲೆ ಬಿರುಕು ಬಿಟ್ಟೈತೆ ಅಂತ ಎಷ್ಟ್ ಕಿತಾ ಹೇಳಿದೀನಿ? ನೀನೇ ಅಲ್ವಾ ಸೋರೋದ್ರಾಗೆ ಪಂಡಿತ?”

“ಅದನ್ನ ಆಮೇಲೆ ನೋಡಣಮ್ಮ. ಇದು ಅರ್ಜೆಂಟು.”

ತಂತಿಗೂ ಒಂದು ತಾಳ್ಮೆ ಇರುತ್ತದೆ. ಅದು ಆ ಕ್ಷಣದಲ್ಲಿ ಮುಗಿಯಿತು. ಸಾಹುಕಾರ ಧೊಪ್ಪನೆ ನೆಲಕ್ಕೆ ಬಿದ್ದು, ಹೊಟ್ಟೆಯೊಳಗಿದ್ದುದನ್ನೆಲ್ಲ ಕುತ್ತಿಗೆಯಿಂದ ಕಾರಿಕೊಂಡ. ಸಂಡಿಗೆಗಳು ಬಿಳಿಯ ದೋಣಿಗಳಾಗಿ ತಾರಸಿಯ ತುಂಬ ತೇಲಿದವು, ಕರಗಿದವು, ಬಿರುಕಿನ ಕಡೆಗೆ ಹರಿದವು. ರಾಮಲಕ್ಷ್ಮಮ್ಮ ಅವನ ವಂಶದ ಹಿಂದು ಮುಂದನ್ನೆಲ್ಲ ಬೈದಳು. ಆದರೆ ಮಲಗಿದ ಉಷಾರಾಣಿಯ ಮೇಲಿನ ಮರ್ಯಾದೆಗೆ ಪಿಸುದನಿಯಲ್ಲೇ ಬೈದಳು. ಹಾಗೆ ಪಿಸುದನಿಯಲ್ಲಿ ಬೈಸಿಕೊಳ್ಳುವುದು ಜೋರಾಗಿ ಬೈಸಿಕೊಳ್ಳುವುದಕ್ಕಿಂತ ಕಷ್ಟ ಎಂದು ರಾಮಮೂರ್ತಿಗೆ ಅವತ್ತು ತಿಳಿಯಿತು.

ಹೋಗಲಿ, ಜಾಕೆಟ್ಟು ಮಾತ್ರ ಪಾಸಾಗಿತ್ತು. ತುಂಬಿಸಿದ ನೀರಿನಲ್ಲಿ ಒಂದು ಹನಿಯೂ ಬಟ್ಟೆಯನ್ನು ದಾಟಿ ಹೊರಗೆ ಬಂದಿರಲಿಲ್ಲ. (ಒಳಗಿನ ನೀರು ಹೊರಗೆ ಹೋಗದು ಎಂಬುದು ಇದರಿಂದ ಸಿದ್ಧವಾಯಿತು. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ರಾಮಮೂರ್ತಿ ಇಟ್ಟುಕೊಳ್ಳಲಿಲ್ಲ.)

ಎರಡನೆಯದು ಪೇಟೆಯ ಪರೀಕ್ಷೆ. ಅದಕ್ಕೆ ಮಳೆ ಬೇಕು, ಜನ ಬೇಕು. ಆಕಾಶ ಕಪ್ಪಾದ ಸಂಜೆಗಳಲ್ಲಿ ಅವನು ಮನೆಯ ಹತ್ತಿರದ ಸ್ಟಾಪಿನಲ್ಲಿ ಇಳಿಯದೆ ಮುಂದಕ್ಕೆ ಹೋಗಿ, ಹೊಸೂರು ಬಸ್ ಸ್ಟ್ಯಾಂಡಿನಲ್ಲಿ ಇಳಿಯತೊಡಗಿದ. ಎಂದರೆ ಆ ಸಂಜೆಗಳಲ್ಲಿ ಉಷಾರಾಣಿ ಒಬ್ಬಳೇ ನಿಂತು ಬಸ್ಸು ಹತ್ತಿ ಹೋದಳು. ಎರಡು ಸಲ ಮೋಡ ಮೋಸ ಮಾಡಿತು. ಮೂರನೆಯ ಸಲ ಮಳೆ ಹಿಡಿಯಿತು.

ಬಸ್ ಸ್ಟ್ಯಾಂಡಿನ ಸೂರಿನ ಕೆಳಗೆ ಜನ ಒತ್ತೊತ್ತಾಗಿ ನಿಂತಿದ್ದರು. ರಾಮಮೂರ್ತಿ ಚೀಲದಿಂದ ಜಾಕೆಟ್ಟು ತೆಗೆದು ತೊಟ್ಟು, ಟೊಪ್ಪಿ ಎಳೆದುಕೊಂಡು, ನೀರು ಧಾರೆಯಾಗಿ ಸುರಿಯುತ್ತಿದ್ದ ಕೊಳವೆಯ ಕೆಳಗೆ ಹೋಗಿ ನಿಂತ. ಅವನ ಕಾರ್ಖಾನೆಯ ಮುರುಗೇಶ್, ಸೂಳಗಿರಿ ಕಡೆಯ ತಮಿಳು ಹುಡುಗ, ಗುಂಪಿನಿಂದ ಕತ್ತು ಚಾಚಿದ.

“ಸಾರ್, ರಾಮಮೂರ್ತಿ ಸಾರ್ ತಾನೇ? ಒಳ್ಗೆ ವಾಂಗ ಸಾರ್, ನೆನೀತೀರ.”

“ನೆನೆಯಲ್ಲ ಮುರುಗೇಶ್. ಅದಕ್ಕೇ ನಿಂತಿರೋದು.”

“ಸಾರ್, ಅದು ಲೇಡೀಸ್ ಮಾಡಲ್ ಸಾರ್. ಸೊಂಟದ ಹತ್ರ ಹಿಡ್ದು ಹೊಲ್ದವ್ರೆ.”

“ಗೊತ್ತು.”

“ಗೊತ್ತಿದ್ದೇ ಹಾಕಿದೀರಾ?”

ಸೂರಿನ ಕೆಳಗೆ ನಗೆ ಎದ್ದಿತು. ಒಬ್ಬ ಮುದುಕಿ ತನ್ನ ಸೆರಗಿನಿಂದ ಪಕ್ಕದವಳ ಮಗುವಿನ ತಲೆ ಒರೆಸುತ್ತಾ ನಕ್ಕಳು. ಒದ್ದೆ ಹೆಗಲಿಗೆ ಒದ್ದೆ ಹೆಗಲು ತಾಗಿಸಿಕೊಂಡು, ಗುರುತಿಲ್ಲದವರೆಲ್ಲ ಮಳೆಯನ್ನು ಬೈಯುತ್ತಾ, ಒಂದೇ ಪೊಟ್ಟಣದ ಕಡಲೆಕಾಯಿ ಹಂಚಿಕೊಳ್ಳುತ್ತಾ ನಿಂತಿದ್ದರು. ಬಸ್ ಸ್ಟ್ಯಾಂಡಿನಲ್ಲಿ ಒಣಗಿದ್ದವನು ರಾಮಮೂರ್ತಿ ಒಬ್ಬನೇ. ಅವನ ಹತ್ತಿರ ಯಾರೂ ಇರಲಿಲ್ಲ. ಪರೀಕ್ಷೆಯಲ್ಲಿ ಗೆದ್ದವನಿಗೆ ಇರಬೇಕಾದ ಸಂತೋಷ ತನಗೇಕೆ ಬರುತ್ತಿಲ್ಲ ಎಂದು ಅವನು ಸ್ವಲ್ಪ ಯೋಚಿಸಿ, ಬಟ್ಟೆ ತಣ್ಣಗಿರುವುದರಿಂದ ಇರಬೇಕು ಎಂದುಕೊಂಡ.

ಮಾರನೆಯ ಸಂಜೆ ಉಷಾರಾಣಿ ಕೇಳಿದಳು, “ನಿನ್ನೆ ಬರಲಿಲ್ಲ. ಮೊನ್ನೆ ಮೊನ್ನೇನೂ ಬರಲಿಲ್ಲ.”

“ಒಂದ್ ಕೆಲ್ಸ ಇತ್ತು ಕಣೆ.”

“ಏನ್ ಕೆಲ್ಸ?”

“ಆ ಭಾನುವಾರ ಹೇಳ್ತೀನಿ.”

ಅವಳು ಅವನ ಮುಖವನ್ನು ಗುಳ್ಳೆ ಹುಡುಕುವವಳಂತೆ ನೋಡಿದಳು. ಬಸ್ಸು ಹತ್ತಿದಳು. ಡ್ರೈವರಿನ ಟೀ ಇನ್ನೂ ಅರ್ಧ ಉಳಿದಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ರಾಮಮೂರ್ತಿ ಬದುಕಿಕೊಳ್ಳುತ್ತಿದ್ದ. ಆದರೆ ಜಾಹೀರಾತಿನಲ್ಲಿ ಪೇಟೆಯ ಜೊತೆಗೆ ಬೆಟ್ಟ ಎಂದೂ ಇತ್ತಲ್ಲ. ಬೆಟ್ಟದ ಪರೀಕ್ಷೆ ಬಾಕಿ ಇರುವಾಗ ಹಸಿರು ಚೀಟಿ ಅಂಟಿಸುವುದು ಅವನ ಧರ್ಮವಲ್ಲ. ಅವರ ಭಾನುವಾರಕ್ಕೆ ಒಂದು ವಾರ ಮೊದಲಿನ ಭಾನುವಾರ, ಮಲಗಿದ್ದ ಹೆಂಡತಿಯ ಕಾಲಿನ ಮೇಲೆ ಹೊದಿಕೆ ಸರಿಪಡಿಸಿ, ಬಾಗಿಲು ಮೆಲ್ಲಗೆ ಎಳೆದುಕೊಂಡು, ಅವನು ರಾಯಕೋಟೆಯ ಬಸ್ಸು ಹತ್ತಿದ.

ಅವತ್ತು ಮೋಡದ ಸುಳಿವಿರಲಿಲ್ಲ. ಬಿಸಿಲು ಬಂಡೆಯ ಮೇಲೆ ದೋಸೆ ಹೊಯ್ಯುವ ಹಾಗಿತ್ತು. ಆದರೂ ಜಾಕೆಟ್ಟು ತೊಟ್ಟು ಕುತ್ತಿಗೆಯವರೆಗೆ ಜಿಪ್ಪು ಎಳೆದು ಹತ್ತಲಾರಂಭಿಸಿದ. ಸ್ವಲ್ಪ ಮೇಲೆ ಹೋಗುವಷ್ಟರಲ್ಲಿ ಒಳಗೆ ಸೆಖೆ ಶುರುವಾಯಿತು. ಇನ್ನೂ ಸ್ವಲ್ಪ ಹೋದಮೇಲೆ ಬೆವರು ಬೆನ್ನಿನಿಂದ ಹರಿದು ಸೊಂಟದಲ್ಲಿ ಕೆರೆ ಕಟ್ಟಿತು. ತೆಗೆಯೋಣವೆಂದು ಜಿಪ್ಪು ಎಳೆದರೆ ಅದು ಅಲ್ಲಾಡಲಿಲ್ಲ. ರಾಮಲಕ್ಷ್ಮಮ್ಮನ ಸಂಡಿಗೆ ಹಿಟ್ಟು ಜಿಪ್ಪಿನ ಹಲ್ಲುಗಳಲ್ಲಿ ಸೇರಿ ಒಣಗಿ, ಬಿಸಿಲಿಗೆ ಗಾರೆಯ ಹಾಗೆ ಗಟ್ಟಿಯಾಗಿತ್ತು.

ಒಂದು ಬಂಡೆಯ ನೆರಳಲ್ಲಿ ಎಲೆಅಡಿಕೆ ಜಗಿಯುತ್ತಾ ಕೂತಿದ್ದ ಮೇಕೆ ಕಾಯುವ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಅವಳ ಹೆಸರು ಹನುಮಕ್ಕ.

“ಮಳೆ ಎಲ್ಲೂ ಇಲ್ಲ. ನೀನೆಲ್ಲಿ ನೆಂದ್ಯಪ್ಪ?”

“ಇದು ಬೆವರು ಅಮ್ಮ. ಜಾಕೆಟ್ಟು ಬಿಚ್ಚಕ್ಕಾಗ್ತಿಲ್ಲ.”

“ಅಂಥಾದ್ನ ಯಾಕ್ ಹಾಕ್ಕಂಡೆ?”

“ನನ್ ಹೆಂಡ್ತೀದು.”

ಹನುಮಕ್ಕ ಜಗಿಯುವುದನ್ನು ನಿಲ್ಲಿಸಿದಳು. ಆಮೇಲೆ ಪಕ್ಕಕ್ಕೆ ಸರಿದು ನೆರಳಿನಲ್ಲಿ ಜಾಗ ಕೊಟ್ಟಳು. “ಕುಂತ್ಕೊ. ಮೊದ್ಲಿಂದ ಹೇಳು.”

ರಾಮಮೂರ್ತಿ ಹೇಳಿದ. ಹಾಸಿಗೆಯ ವಿಷಯ, ಬಸ್ ಸ್ಟಾಪಿನ ವಿಷಯ, ಹುಳಿಯ ವಿಷಯ. ಟಿವಿಯ ದನಿ ತಗ್ಗಿಸಿ ಕೂರುವ ಉಷಾರಾಣಿಯನ್ನು ಒಳಗಿನಿಂದ ತಾನೂ ಎಚ್ಚರವಿದ್ದು ನೋಡುವ ವಿಷಯ. (ಇದನ್ನು ಅವನು ಯಾರಿಗೂ ಹೇಳಿರಲಿಲ್ಲ; ಉಷಾರಾಣಿಗಂತೂ ಇಲ್ಲವೇ ಇಲ್ಲ.) ಅವಳಿಗೆ ಮಂಡಿ ನೋವು ಬರುತ್ತದೆ, ಯಾವ ದಾರಿಯಲ್ಲಿ ಕರೆದುಕೊಂಡು ಬಂದರೆ ಒಳ್ಳೆಯದು, ಚಿತ್ರಾನ್ನ ತಿನ್ನಲು ಎಲ್ಲಿ ಕೂರಬಹುದು, ಅಲ್ಲಿ ಗಾಳಿ ಬರುತ್ತದೆಯೇ ಎಂದೆಲ್ಲ ಕೇಳಿದ. ಅಷ್ಟು ಮಾತನ್ನು ಅವನು ಒಟ್ಟಿಗೆ ಆಡಿ ತಿಂಗಳುಗಳೇ ಆಗಿದ್ದವು. ಮೇಕೆಗಳು ಮೇಯುವುದನ್ನು ಬಿಟ್ಟು ಸುತ್ತ ನಿಂತಿದ್ದವು.

“ಆಯಮ್ಮನ್ನೂ ಕರ್ಕಂಡ್ ಬಾ,” ಅಂದಳು ಹನುಮಕ್ಕ ಕಡೆಗೆ. “ಈ ಚರ್ಮಾನ ಮನೇಲಿ ಬುಟ್ಬುಟ್ ಬಾ.”

ವಾಪಸು ಬರುವ ಬಸ್ಸು ತಡವಾಯಿತು. ಅದು ಅವನನ್ನು ಅವನ ಸ್ಟಾಪಿನಲ್ಲೇ ಇಳಿಸಿತು. ಅಲ್ಲಿ ಉಷಾರಾಣಿ ತನ್ನ ಲೈನಿನ ಗೆಳತಿ ಮಾಲಿನಿಯ ಜೊತೆ ಕೆಲಸಕ್ಕೆ ಹೊರಟು ನಿಂತಿದ್ದಳು. ಅವರೆದುರಿಗೆ, ಹೆಣ್ಣು ಜಾಕೆಟ್ಟಿನಲ್ಲಿ, ಕುತ್ತಿಗೆಯವರೆಗೆ ಮುಚ್ಚಿಕೊಂಡು, ತೋಳಿನ ತುದಿಯಿಂದ ಬೆವರು ತೊಟ್ಟಿಕ್ಕಿಸುತ್ತಾ ರಾಮಮೂರ್ತಿ ಇಳಿದ. ಹಿಂದೆ ಬಸ್ಸಿನ ಬೋರ್ಡಿನಲ್ಲಿ ರಾಯಕೋಟೆ ಎಂದು ದಪ್ಪ ಅಕ್ಷರಗಳಲ್ಲಿ ಬರೆದಿತ್ತು. ಸುಳ್ಳಿಗೆ ಜಾಗವೇ ಇರಲಿಲ್ಲ.

“ಬೆಟ್ಟಕ್ಕೋಗಿದ್ರಾ?”

“ಟೆಸ್ಟಿಂಗಿಗೆ.”

“ಏನ್ ಟೆಸ್ಟಿಂಗು? ಬೆಟ್ಟ ಸೋರ್ತದಾ ಅಂತಾನಾ?”

ಮಾಲಿನಿ ಕಿಸಕ್ಕೆಂದಳು. ಉಷಾರಾಣಿ ನಗಲಿಲ್ಲ.

“ಈ ಜಾಕೆಟ್ಟು ನಿಂದು ಉಷಾ. ನಿಂಗೇ ತರ್ಸಿದ್ದು.”

“ನಂದಾ? ನಂದನ್ನ ನೀವ್ ಹಾಕ್ಕೊಂಡು, ನಾನ್ ನೋಡ್ಬೇಕು ಅಂದಿದ್ದನ್ನ ನೀವ್ ನೋಡ್ಕೊಂಡು ಬಂದ್ರಾ? ನಾನ್ ಮಲಗಿರೋವಾಗ?”

“ಮುಂದಿನ್ ವಾರ ಹೋಗ್ತೀವಲ್ಲ.”

“ನಿಮಗದು ಎರಡ್ನೇ ಸಲ ರೀ.”

ಅವಳ ಬಸ್ಸು ಬಂತು. ಅವತ್ತು ಡ್ರೈವರಿಗೂ ಟೀ ಬೇಡವಾಗಿತ್ತು.

ಮನೆಗೆ ಬಂದವನನ್ನು ರಾಮಲಕ್ಷ್ಮಮ್ಮ ಜಗುಲಿಯ ಮೇಲೆ ಕೂರಿಸಿಕೊಂಡು, ಜಿಪ್ಪಿಗೆ ಕೊಬ್ಬರಿ ಎಣ್ಣೆ ಬಿಟ್ಟು, ಹೇರ್‌ಪಿನ್ನಿನಲ್ಲಿ ತನ್ನದೇ ಸಂಡಿಗೆಯನ್ನು ಕೆರೆದು ಕೆರೆದು ತೆಗೆದಳು. “ಇಷ್ಟೆಲ್ಲ ನೋಡ್ದೋನು ಒಳಗಿರೋರ್ ಗತಿ ಏನು ಅಂತ ನೋಡ್ಲಿಲ್ವಲ್ಲಾ,” ಎಂದಳು. ಅವಳು ಜಾಕೆಟ್ಟಿನ ಬಗ್ಗೆ ಹೇಳಿದಳೋ ಬೇರೆ ಯಾವುದರ ಬಗ್ಗೆಯೋ, ಅವನು ಕೇಳಲಿಲ್ಲ.

ಆ ವಾರ ಉಷಾರಾಣಿ ಬಸ್ ಸ್ಟಾಪಿಗೆ ಬಂದಳು, ನಿಂತಳು, ಹೋದಳು. ಹುಳಿ ಬಿಸಿ ಮಾಡ್ಕೊಳ್ಳಿ ಎಂದೂ ಹೇಳಲಿಲ್ಲ. ರಾಮಮೂರ್ತಿ ಪ್ರತಿ ದಿನ ಹುಳಿಯನ್ನು ಕುದಿಯುವಷ್ಟು ಬಿಸಿ ಮಾಡಿಕೊಂಡು ತಿಂದು, ಪಾತ್ರೆಯನ್ನು ಅವಳಿಗೆ ಕಾಣುವ ಹಾಗೆ ಇಟ್ಟು ಮಲಗಿದ.

ಶನಿವಾರ ರಾತ್ರಿ ಅವಳು ಮನೆಯಲ್ಲೇ ಇದ್ದಳು. ವಾರದ ದಣಿವಿಗೆ ಬೇಗ ಮಲಗಿಬಿಟ್ಟಳು. ರಾಮಮೂರ್ತಿ ಕೋಣೆಯ ಬಾಗಿಲಲ್ಲಿ ನಿಂತು ನೋಡಿದ. ಒಂಟಿಯಾಗಿ ಮಲಗಿ ಅಭ್ಯಾಸವಾದವಳು ಹಾಸಿಗೆಯ ನಡುವೆ ಮಲಗಿದ್ದಳು. ತಾನೂ ನಡುವೆಯೇ ಮಲಗುತ್ತಿದ್ದವನು. ತನ್ನ ಮಗ್ಗುಲು ಯಾವುದು ಎಂದು ಅವನಿಗೆ ನೆನಪಾಗಲಿಲ್ಲ. ಹೊರಗೆ ಬಂದು ಚಾಪೆ ಹಾಸಿಕೊಂಡ.

ಬೆಳಗ್ಗೆ ಚಿತ್ರಾನ್ನದ ಒಗ್ಗರಣೆಯ ವಾಸನೆಗೆ ಎಚ್ಚರವಾಯಿತು. ಅವಳು ಡಬ್ಬಿ ಕಟ್ಟಿ, ಜಡೆ ಹೆಣೆದು, ಜಾಕೆಟ್ಟನ್ನು ಕೈಯಲ್ಲಿ ಹಿಡಿದು ನಿಂತಿದ್ದಳು. ಅದಕ್ಕೆ ಹೊರಗಡೆ ಒಂದು ಹಸಿರು ಚೀಟಿ, ಒಳಗಡೆ ಒಂದು ಕೆಂಪು ಚೀಟಿ ಅಂಟಿತ್ತು.

“ಇದೇನಿದು?”

“ಹೊರಗಡೆ ಪಾಸು. ಒಳಗಡೆ ಫೇಲು. ಬಿಸಿಲಲ್ಲಿ ಹಾಕ್ಕೋಬೇಡ.”

“ಹೂಂ.”

“ನಾನೂ ಬರ್ಲಾ?”

“ನೀವ್ ನೋಡಾಗೈತಲ್ಲ. ಮಾಲಿನಿ ಬತ್ತಾಳೆ.”

ಇಷ್ಟು ದಿನ ಕಾದ ಭಾನುವಾರ ಹೀಗೆ ಬಾಗಿಲು ದಾಟಿ ಹೋಯಿತು. ರಾಮಮೂರ್ತಿ ಅಭ್ಯಾಸಬಲದಿಂದ ಬೆಕ್ಕಿನ ಹೆಜ್ಜೆಯಲ್ಲೇ ಓಡಾಡಿದ. ಕುಕ್ಕರು ಇಟ್ಟ. ಸೀಟಿ ಕೂಗುವ ಮೊದಲು ಆರಿಸಲು ಕೈ ಚಾಚಿದವನು, ಮಲಗಿರುವವರು ಯಾರೂ ಇಲ್ಲವೆಂದು ನೆನಪಾಗಿ ಹಾಗೇ ಬಿಟ್ಟ. ಕುಕ್ಕರು ಕೂಗಿತು. ಇನ್ನೊಮ್ಮೆ ಕೂಗಿತು. ಬೇಳೆ ಮೊದಲ ಸಲ ಚೆನ್ನಾಗಿ ಬೆಂದಿತ್ತು. ಅವನು ಅದನ್ನು ತಿನ್ನಲಿಲ್ಲ.

ಮಧ್ಯಾಹ್ನ ಕಳೆದು ಮೋಡ ಕವಿಯಿತು. ರಾಮಮೂರ್ತಿ ಚಪ್ಪಲಿ ಮೆಟ್ಟಿ ಬಸ್ ಸ್ಟಾಪಿಗೆ ನಡೆದ. ಹೆಂಡತಿಯನ್ನು ಭೇಟಿಯಾಗಲು ಅವನಿಗೆ ಗೊತ್ತಿದ್ದ ಜಾಗ ಅದೊಂದೇ. ಮಳೆ ಬಂತು. ಮನೆಗೆ ಓಡಿ ಕೊಡೆ ತರಬಹುದಿತ್ತು. ಅಷ್ಟರಲ್ಲಿ ಅವಳ ಬಸ್ಸು ಬಂದುಬಿಟ್ಟರೆ? ಸ್ಟಾಪಿನ ತಗಡು ಸೋರುತ್ತಿತ್ತು. ಎಲ್ಲಿ ಸೋರುತ್ತಿದೆ ಎಂದು ಅವನು ತಲೆಯೆತ್ತಿ ನೋಡಲೂ ಇಲ್ಲ.

“ಒಳಕ್ಕೆ ಬಾಣ್ಣ, ಇಲ್ಲಿ ಜಾಗ ಐತೆ,” ಎಂದು ಹೂವಿನ ಬುಟ್ಟಿಯವಳೊಬ್ಬಳು ಸರಿದಳು. ಯಾರೋ ಅವನ ಅಂಗೈಗೆ ನಾಲ್ಕು ಕಡಲೆಕಾಯಿ ಹಾಕಿದರು. ಅವನ ಒದ್ದೆ ಹೆಗಲು ಯಾರದೋ ಒದ್ದೆ ಹೆಗಲಿಗೆ ತಾಗಿತು. ಬಸ್ಸುಗಳು ಬಂದವು, ಹೋದವು. ಕಡಲೆಕಾಯಿಯವರು ಹೋದರು, ಹೂವಿನವಳು ಹೋದಳು. ಅವನು ಒಳಬಟ್ಟೆಯವರೆಗೂ ನೆಂದು ನಿಂತೇ ಇದ್ದ.

ಕಡೆಗೆ ರಾಯಕೋಟೆಯ ಬಸ್ಸು ಬಂತು. ಕಿಟಕಿಯಲ್ಲಿ ಮಾಲಿನಿ ಕೈಬೀಸುತ್ತಾ ಮುಂದಕ್ಕೆ ಹೋದಳು. ಉಷಾರಾಣಿ ಇಳಿದಳು. ಜಡೆಯಿಂದ ನೀರು ಇಳಿಯುತ್ತಿತ್ತು, ಸೀರೆ ಕಾಲಿಗೆ ಅಂಟಿತ್ತು. ರಾಮಮೂರ್ತಿ ಏನೇನೋ ಹೇಳಬೇಕೆಂದು ಸಿದ್ಧಮಾಡಿಕೊಂಡಿದ್ದ. ಬಾಯಿಂದ ಹೊರಟದ್ದು ಮಾತ್ರ ಇದು:

“ಜಾಕೆಟ್ಟೆಲ್ಲಿ?”

“ಮೇಕೆ ಹಾಕ್ಕೊಂಡೈತೆ.”

“ಯಾವ ಮೇಕೆ?”

“ಹನುಮಕ್ಕನ್ ಮೇಕೆ. ಇವತ್ತು ಈದೈತೆ. ಮರಿ ನಡುಗ್ತಾ ಇತ್ತು, ಸುತ್ತಿ ಕೊಟ್ಟೆ. ಒಂದ್ ಹನೀನೂ ಬಿದ್ದಿಲ್ಲ ಮರಿ ಮೇಲೆ. ನಿಮ್ ಟೆಸ್ಟಿಂಗು ಪಾಸು.”

“ಹನುಮಕ್ಕ ಸಿಕ್ಕಿದ್ಲಾ?”

“ಜಾಕೆಟ್ ನೋಡಿದ್ದೇ ಹಿಡ್ಕೊಂಡ್ರು. ಆವಯ್ಯನ ಹೆಂಡ್ತಿ ನೀನೇನಾ, ನಿನ್ ವಿಚಾರ ಕೇಳಿ ಕೇಳಿ ನನ್ ಮೇಕೆಗೆಲ್ಲ ಬಾಯ್ಪಾಠ ಆಗೋಗೈತೆ ಅಂದ್ರು. ನನ್ ಮಂಡಿ ನೋವೂ ಗೊತ್ತು ಅವ್ರಿಗೆ. ಕೂತ್ಕೊಳೋಕೆ ನೀವ್ ಕೇಳಿದ್ ಜಾಗಾನೂ ತೋರ್ಸಿದ್ರು. ಗಾಳಿ ಚೆನ್ನಾಗ್ ಬತ್ತದೆ.” ಅವಳು ಸೆರಗು ಹಿಂಡಿದಳು. “ಬುಧವಾರ ನೀವು ಎದ್ದಿರ್ತೀರಂತೆ.”

ಅವನು ತನ್ನ ಅಂಗಿಯ ತುದಿ ಹಿಂಡತೊಡಗಿದ.

“ನಂಗೆ ಹೇಳ್ಬೇಕಾದ್ದನ್ನೆಲ್ಲ ಹನುಮಕ್ಕಂಗೆ ಹೇಳಿದೀರಲ್ಲ ರೀ.”

“ನೀನ್ ಮಲಗಿದ್ದೆ.”

“ಎಬ್ಬಿಸ್ಬಾರ್ದಾ?”

ಅವಳು ಚೀಲದಿಂದ ಡಬ್ಬಿ ತೆಗೆದಳು. ಅರ್ಧ ಚಿತ್ರಾನ್ನ ಉಳಿದಿತ್ತು, ಉಳಿದಿತ್ತೋ ಉಳಿಸಿದ್ದಳೋ. ತಗಡಿನಿಂದ ಬೀಳುವ ಹನಿಗೆ ಮುಚ್ಚಳ ಅಡ್ಡ ಹಿಡಿದುಕೊಂಡು ಇಬ್ಬರೂ ತಿಂದರು. ಯಾವ ಬಸ್ಸಿಗೂ ಕಾಯದೆ ಅವರಿಬ್ಬರೂ ಆ ಸ್ಟಾಪಿನಲ್ಲಿ ನಿಂತದ್ದು ಅದೇ ಮೊದಲು.

ಸೋಮವಾರ ಇಬ್ಬರಿಗೂ ಜ್ವರ. ಅವನ ಬಸ್ಸು ಅವನನ್ನು ಬಿಟ್ಟು ಹೋಯಿತು, ಅವಳದು ಅವಳನ್ನು ಬಿಟ್ಟು ಹೋಗಲಿಕ್ಕಿತ್ತು. ರಾಮಲಕ್ಷ್ಮಮ್ಮ ಕಷಾಯದ ಚೆಂಬು ಬಾಗಿಲಲ್ಲಿಟ್ಟು, “ನೀರ್ನ ನೇತಾಕ್ತಿದ್ದೋನು ತಾನೇ ತೊಯ್ಸ್ಕಂಡ್ ಬಂದವ್ನೆ,” ಎಂದು ಈ ಸಲ ಜೋರಾಗಿಯೇ ಬೈದು ಹೋದಳು. ಮಲಗಿದ್ದ ಇಬ್ಬರೂ ಎಚ್ಚರವಾಗಿದ್ದರು. ಹಾಸಿಗೆಗೆ ಒಂದೇ ಹೊತ್ತಿನಲ್ಲಿ ಇಬ್ಬರ ಭಾರ ಹೊಸದು. ಅದು ಕಿರ್ರೆಂದಿತು.

“ಕಷಾಯ ತನ್ರೀ.”

“ನಂಗೂ ಜ್ವರ ಕಣೆ.”

“ನಂಗೆ ಜಾಸ್ತಿ.”

“ನೋಡಿದ್ಯಾ?”

“ಮುಟ್ಟಿ ನೋಡಿ. ಪರೀಕ್ಷೆ ಮಾಡೋರು ನೀವು ತಾನೇ.”

ಹೊರಗೆ ಮಳೆ ಮತ್ತೆ ಹಿಡಿಯಿತು. ರಾಮಮೂರ್ತಿ ಅವಳ ಹಣೆಯ ಕಡೆಗೆ ಕೈ ಚಾಚಿದ. ಅಷ್ಟರಲ್ಲಿ ಅವನ ಹಣೆಯ ಮೇಲೆ ತಣ್ಣಗೆ ಏನೋ ಬಿತ್ತು. ಅವನು ಮೇಲೆ ನೋಡಿದ. ತಾರಸಿಯ ಬಿರುಕು, ಯಾವುದನ್ನು ಆಮೇಲೆ ನೋಡೋಣ ಎಂದಿದ್ದನೋ ಅದೇ, ಅವನೇ ಸುರಿದಿದ್ದ ಕೊಡಗಟ್ಟಲೆ ನೀರು ಕುಡಿದು ಅಗಲವಾಗಿ, ಈಗ ಅವನ ಮಗ್ಗುಲ ಮೇಲೆ ನೆಟ್ಟಗೆ ತೊಟ್ಟಿಕ್ಕುತ್ತಿತ್ತು. ತನ್ನ ಮಗ್ಗುಲು ಯಾವುದು ಎಂಬುದು ಆಗ ಅವನಿಗೆ ಖಚಿತವಾಗಿ ತಿಳಿಯಿತು. ಊರಿನ ಪಂಪುಗಳನ್ನೆಲ್ಲ ಪರೀಕ್ಷಿಸಿದ ಪಂಡಿತ ತನ್ನ ಮನೆಯ ಸೂರಿನ ಕೈಯಲ್ಲಿ ಸಿಕ್ಕಿಬಿದ್ದಿದ್ದ. ಇನ್ನೊಂದು ಹನಿ ಮೂಗಿನ ಮೇಲೆ ಬಿತ್ತು.

“ಬಕೆಟ್ಟು ತತ್ತೀನಿ,” ಎಂದು ಏಳಹೋದ.

“ಮಲ್ಕೊಳ್ರೀ. ಸೋರ್ಲಿ.”

“ಹಾಸಿಗೆ ನೆನೀತದೆ ಕಣೆ.”

ಉಷಾರಾಣಿ ಗೋಡೆಯ ಮೊಳೆಗೆ ತೂಗುಹಾಕಿದ್ದ ಅವನ ಅಂಗಿಯ ಜೇಬಿಗೆ ಕೈಹಾಕಿ, ತಡಕಾಡಿ, ಒಂದು ಕೆಂಪು ಚೀಟಿ ತೆಗೆದಳು. ಅವನ ಹಣೆಯನ್ನು ಸೆರಗಿನಿಂದ ಒರೆಸಿ ಅದನ್ನು ಅಲ್ಲಿಗೆ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿದಳು.

ಕೆಂಪು ಚೀಟಿ ಬಿದ್ದದ್ದನ್ನು ಮೂಲೆಗೆ ಸರಿಸಬೇಕೆಂಬುದು ಕಾರ್ಖಾನೆಯ ನಿಯಮ. ರಾಮಮೂರ್ತಿ ನಿಯಮ ಮೀರಿದವನಲ್ಲ. ಸರಿದ, ಅವಳ ಕಡೆಗೆ.